ಮೂರು ಲಕ್ಷದ ಮೈಕು, ಹತ್ತು ಅಡಿಯ ಕೋಣೆ

(ದಾವಣಗೆರೆಯಲ್ಲಿ ಹವ್ಯಾಸಿ ಗಾಯಕರು, ರಂಗಾಸಕ್ತರು ಮತ್ತು ಜನಪದ ಹಾಡು ಸಂಗ್ರಹಿಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಾತು ಶುರು ಮಾಡುವ ಮುಂಚೆ ಎರಡು ತುಣುಕು ಕೇಳಿಸುತ್ತೇನೆ. ಒಬ್ಬರೇ ಗಾಯಕಿ, ಒಂದೇ ತತ್ವಪದದ ಒಂದೇ ಸಾಲು. ಮೊದಲನೆಯದನ್ನು ‘ಅ’ ಅನ್ನೋಣ, ಎರಡನೆಯದನ್ನು ‘ಆ’. ಕಣ್ಣು ಮುಚ್ಚಿ ಕೇಳಿ. ಯಾವುದು ಚೆನ್ನಾಗಿದೆ ಅನ್ನಿಸುತ್ತದೋ ಅದಕ್ಕೆ ಕೈ ಎತ್ತಿ.

(ತುಣುಕುಗಳನ್ನು ಕೇಳಿಸಲಾಯಿತು.)

‘ಆ’ಗೆ ಎದ್ದ ಕೈಗಳೇ ಹೆಚ್ಚು. ಯಾಕೆ ಅಂತ ಕೇಳಿದ್ದಕ್ಕೆ ಹಿಂದಿನ ಸಾಲಿನವರೊಬ್ಬರು “ಅದರಾಗೆ ದನಿ ತುಂಬಿಕೊಂಡೈತ್ರೀ” ಅಂದರು. ಇಲ್ಲಿ ಮುಂದೆ ಕೂತಿರುವ ಹಾರ್ಮೋನಿಯಂ ಮಾಸ್ತರರು “ಎರಡನೇದು ಸ್ವಚ್ಛ ಐತಿ, ಮೈಕ್ ಬೇರೆ ಇರಬೇಕು” ಅಂದರು. ಮೈಕ್ ಬೇರೆಯಲ್ಲ ಮಾಸ್ತರೇ, ರೆಕಾರ್ಡಿಂಗೂ ಬೇರೆಯಲ್ಲ. ಎರಡೂ ಒಂದೇ ಫೈಲು. ‘ಆ’ ಹಾಕುವಾಗ ವಾಲ್ಯೂಮನ್ನು ಒಂದು ಡೆಸಿಬಲ್ ಏರಿಸಿದ್ದೆ, ಅಷ್ಟೆ.

ನಗಬೇಡಿ, ನನ್ನನ್ನು ಕೂರಿಸಿ ಕೇಳಿಸಿದ್ದರೂ ಇದೇ ಆಗುತ್ತಿತ್ತು. ಡೆಸಿಬಲ್ ಅಂದರೆ ಸದ್ದು ಎಷ್ಟು ಜೋರು ಅನ್ನುವುದರ ಅಳತೆ, ಅದರಲ್ಲಿ ಒಂದು ಅನ್ನುವುದು ಬಹಳ ಸಣ್ಣದು. ಅಷ್ಟು ಏರಿದರೆ ಕಿವಿ ‘ಜೋರಾಯಿತು’ ಅನ್ನುವುದಿಲ್ಲ, ‘ಚೆನ್ನಾಯಿತು’ ಅನ್ನುತ್ತದೆ. ಅದಕ್ಕೇ ನಿಯತ್ತಾಗಿ ಹೋಲಿಸುವವರು ಮೊದಲು ಎರಡೂ ಕಡೆಯ ಮಟ್ಟವನ್ನು ಮೀಟರ್ ನೋಡಿ ಸರಿಸಮ ಮಾಡುತ್ತಾರೆ, ಆಮೇಲೆ ಯಾವುದು ಯಾವುದು ಅಂತ ಕೇಳುವವರಿಗೆ ತಿಳಿಯದಂತೆ ಹಾಕುತ್ತಾರೆ. ಯೂಟ್ಯೂಬಿನಲ್ಲಿ ‘ಐದು ಸಾವಿರದ ಮೈಕೋ ಮೂರು ಲಕ್ಷದ ಮೈಕೋ’ ಅಂತ ವಿಡಿಯೋ ನೋಡುತ್ತೀರಲ್ಲ, ಈ ಎರಡೂ ಕೆಲಸ ಮಾಡಿದ್ದಾರಾ ನೋಡಿ. ಮಾಡಿಲ್ಲ ಅಂದರೆ ಅದು ಜಾಹೀರಾತು, ಪರೀಕ್ಷೆಯಲ್ಲ.

ಬೆಲೆ ಗೊತ್ತಿದ್ದರಂತೂ ಕಿವಿಯ ಕೆಲಸ ಅರ್ಧ ಮುಗಿದುಹೋಗುತ್ತದೆ. ಪಿಟೀಲಿನವರ ಒಂದು ಪರೀಕ್ಷೆ ಇದೆ, ಹೇಳಿಬಿಡುತ್ತೇನೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ಸಿನಲ್ಲಿ ಕ್ಲಾಡಿಯಾ ಫ್ರಿಟ್ಜ್, ಜೋಸೆಫ್ ಕರ್ಟಿನ್ ಮತ್ತವರ ಜೊತೆಗಾರರು 21 ಜನ ಪಿಟೀಲು ವಾದಕರ ಕೈಗೆ ಆರು ಪಿಟೀಲು ಕೊಟ್ಟರು. ಮೂರು ಹೊಸವು, ಮೂರು ಹಳೆಯವು. ಹಳೆಯವುಗಳಲ್ಲಿ ಎರಡು ಸ್ಟ್ರಾಡಿವರಿ, ಒಂದು ಗ್ವಾರ್ನೇರಿ, ಅಂದರೆ ಇಟಲಿಯ ಹಳೇ ಕಾಲದ ಹೆಸರಾಂತ ಕಸುಬಿನವರು ಮಾಡಿದವು. ಬೆಲೆ ಕೋಟಿಗಳ ಲೆಕ್ಕ. ವಾದಕರ ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕನ್ನಡಕ, ಕೋಣೆಯಲ್ಲಿ ಮಬ್ಬು ಬೆಳಕು, ಹಳೇ ಮರದ ವಾಸನೆ ಹತ್ತಬಾರದು ಅಂತ ಗದ್ದ ಇಡುವ ಜಾಗಕ್ಕೆ ಸುಗಂಧ. ಹೆಚ್ಚು ಜನಕ್ಕೆ ಇಷ್ಟವಾದದ್ದು ಹೊಸದರಲ್ಲಿ ಒಂದು. ಎಲ್ಲಕ್ಕಿಂತ ಕಡಿಮೆ ಇಷ್ಟವಾದದ್ದು ಒಂದು ಸ್ಟ್ರಾಡಿವರಿ. ಅವರಲ್ಲಿ ಹೆಚ್ಚಿನವರು ಪಿಟೀಲನ್ನೇ ಕಸುಬು ಮಾಡಿಕೊಂಡವರು ಅನ್ನುವುದು ನೆನಪಿರಲಿ.

ದುಬಾರಿ ಸಾಮಾನೆಲ್ಲ ಮೋಸ ಅಂತ ಹೇಳಲು ನಾನು ಇಲ್ಲಿಗೆ ಬಂದಿಲ್ಲ. ನಾನೇ ಅಂಥ ಒಂದೆರಡು ಸಾಮಾನು ಇಟ್ಟುಕೊಂಡವನು. ಆದರೆ ದುಡ್ಡು ಎಲ್ಲಿ ದನಿಯಾಗುತ್ತದೆ, ಎಲ್ಲಿ ಬರೀ ಬಿಲ್ಲಾಗುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು. ದಾವಣಗೆರೆ ಅಂದ ಮೇಲೆ ಇವನು ಬೆಣ್ಣೆ ದೋಸೆಗೆ ಹೋಲಿಸಿಯೇ ಹೋಲಿಸುತ್ತಾನೆ ಅಂತ ಕೂತಿದ್ದರೆ, ಕ್ಷಮಿಸಿ, ಹೋಲಿಸುವುದಿಲ್ಲ.

ತಕರಾರು ಕಡಿಮೆ ಇರುವ ಕಡೆಯಿಂದ ಬರೋಣ. ಮೈಕಿನಿಂದ ಬರುವ ವಿದ್ಯುತ್ತು ಬಲು ಸಣ್ಣದು. ಅದನ್ನು ದೊಡ್ಡದು ಮಾಡುವುದು ಪ್ರಿಆಂಪ್, ಅಂಕಿಗಳಾಗಿ ಬದಲಿಸುವುದು ಕನ್ವರ್ಟರ್. ಈಗ ಎರಡೂ ಒಂದೇ ಡಬ್ಬಿಯಲ್ಲಿ ಬರುತ್ತವೆ. ಆಡಿಯೋ ಇಂಟರ್‌ಫೇಸ್ ಅನ್ನುತ್ತೇವಲ್ಲ ಅದು. ಯಾವ ಮೈಕೇ ಆಗಲಿ, ಕೋಣೆಯ ಬಿಸಿಯಲ್ಲಿ ಸುಮ್ಮನೆ ಕೂತಿದ್ದರೂ ಅದರ ಸರ್ಕ್ಯೂಟಿನಲ್ಲಿ ಎಲೆಕ್ಟ್ರಾನುಗಳು ಚಡಪಡಿಸುತ್ತವೆ, ಅದರಿಂದ ಒಂದು ಸಣ್ಣ ‘ಸುಯ್’ ಹುಟ್ಟುತ್ತದೆ. ಇದನ್ನು ದುಡ್ಡು ಕೊಟ್ಟು ನಿಲ್ಲಿಸಲಾಗದು. 150 ಓಮ್‌ನ ಮೈಕಿಗೆ ಲೆಕ್ಕ ಹಾಕಿದರೆ ಅದು ಸುಮಾರು ಮೈನಸ್ 131 ಡಿಬಿಯು ಬರುತ್ತದೆ (ಡಿಬಿಯು ಅಂದರೆ ವಿದ್ಯುತ್ತಿನ ಮಟ್ಟವನ್ನು ಡೆಸಿಬಲ್ಲಿನಲ್ಲಿ ಹೇಳುವ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಸುಯ್ ಕಡಿಮೆ). ಅದಕ್ಕಿಂತ ಕೆಳಗೆ ಇಳಿಯಲು ಯಾವ ಕಂಪನಿಗೂ ಸಾಧ್ಯವಿಲ್ಲ. ಹತ್ತು ಹನ್ನೆರಡು ಸಾವಿರಕ್ಕೆ ಸಿಗುವ ಒಳ್ಳೆಯ ಇಂಟರ್‌ಫೇಸುಗಳು ಇವತ್ತು ಮೈನಸ್ 127, 128 ಮುಟ್ಟುತ್ತವೆ. ಪ್ರಕೃತಿ ಎಳೆದ ಗೆರೆಗೂ ಈ ಡಬ್ಬಿಗೂ ನಡುವೆ ಉಳಿದಿರುವುದು ಮೂರ್ನಾಲ್ಕು ಡೆಸಿಬಲ್. ಅಷ್ಟೇ ಜಾಗದಲ್ಲಿ ಲಕ್ಷಗಟ್ಟಲೆ ಸುರಿದು ಏನು ಕೊಳ್ಳುತ್ತೀರಿ?

ಸ್ಟುಡಿಯೋದವರು ಹೆಸರು ಕೇಳಿದರೇ ಕಿವಿಮುಟ್ಟಿಕೊಳ್ಳುವ ಒಂದು ಪ್ರಿಆಂಪ್ ಇದೆ, ನೀವ್ 1073. ಇಂಗ್ಲೆಂಡಿನಲ್ಲಿ 1970ರಲ್ಲಿ ಹುಟ್ಟಿದ್ದು, ಇವತ್ತಿಗೂ ತಯಾರಾಗುತ್ತದೆ. ಒಂದು ಚಾನಲಿಗೇ ಲಕ್ಷಗಳ ಮಾತು. ಅದರ ಸುಯ್ ಸುಮಾರು ಮೈನಸ್ 125. ಅಂದರೆ ನಿಮ್ಮ ಹನ್ನೆರಡು ಸಾವಿರದ ಡಬ್ಬಿಗಿಂತ ಒಂದು ಗುಲಗಂಜಿ ಹೆಚ್ಚೇ ಸದ್ದು ಮಾಡುತ್ತದೆ! ಹಾಗಾದರೆ ಕೊಳ್ಳುವವರೆಲ್ಲ ಹುಚ್ಚರೇ? ಅಲ್ಲ. ಅದರೊಳಗಿನ ಟ್ರಾನ್ಸ್‌ಫಾರ್ಮರು ದನಿಯನ್ನು ಇದ್ದ ಹಾಗೆ ಬಿಡುವುದಿಲ್ಲ. ಕೆಳಗಿನ ಸ್ವರಗಳಿಗೆ ಒಂಚೂರು ತೂಕ ಕೊಡುತ್ತದೆ, ಜೋರಾಗಿ ಹಾಡಿದರೆ ಸ್ವಲ್ಪ ಕದಡುತ್ತದೆ. ಆ ಕದಡುವಿಕೆಗೆ ಅವರು ದುಡ್ಡು ಕೊಡುತ್ತಾರೆ. ‘ದುಬಾರಿಯದು ನಿಖರ, ಅಗ್ಗದ್ದು ಅಂದಾಜು’ ಅಂತ ನಾವು ತಿಳಿದಿದ್ದೇವೆ. ಈ ಜಾಗದಲ್ಲಿ ಅದು ತಿರುಗುಮುರುಗು. ಅಗ್ಗದ್ದು ನಿಖರ, ದುಬಾರಿಯದು ರುಚಿ.

ಕನ್ವರ್ಟರಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಸಿ.ಡಿ.ಯ ಅಳತೆ 16 ಬಿಟ್, 44.1 ಕಿಲೋಹರ್ಟ್ಸ್, ಅಂದರೆ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುವುದು; ಆ ಅಂಕಿಯ ಹೆಚ್ಚುಕಡಿಮೆ ಅರ್ಧದವರೆಗಿನ ಕಂಪನ ಅದರಲ್ಲಿ ಹಿಡಿಯುತ್ತದೆ. ಅತಿ ಸಣ್ಣ ಸದ್ದಿಗೂ ಅತಿ ಜೋರಿನದಕ್ಕೂ ನಡುವೆ ಅದರಲ್ಲಿ ಸುಮಾರು 96 ಡೆಸಿಬಲ್ ಅಂತರ ಹಿಡಿಯುತ್ತದೆ. ಈಗಿನ ಅಗ್ಗದ ಇಂಟರ್‌ಫೇಸುಗಳು 24 ಬಿಟ್‌ನಲ್ಲಿ 110 ದಾಟುತ್ತವೆ. ‘ಸರ್, 192 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಲಾ?’ ಅಂತ ಹುಡುಗರು ಕೇಳುತ್ತಾರೆ. ಕಿವಿಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್, ಅದೂ ಎಳೆ ವಯಸ್ಸಿನಲ್ಲಿ. ಇಲ್ಲಿ ಕೂತಿರುವ ನಮ್ಮಲ್ಲಿ ಅರ್ಧ ಜನಕ್ಕೆ ಹನ್ನೆರಡು ದಾಟಿದರೆ ದೇವರೇ ಗತಿ. ಮೇಯರ್ ಮತ್ತು ಮೋರನ್ ಎಂಬ ಇಬ್ಬರು 2007ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ದುಬಾರಿ ಹೈ-ರೆಸಲ್ಯೂಷನ್ ದನಿಯನ್ನು ನೇರ ಒಮ್ಮೆ, ಸಿ.ಡಿ. ಅಳತೆಯ ಮೂಲಕ ತೂರಿಸಿ ಒಮ್ಮೆ ಕೇಳಿಸಿದ್ದರು. 554 ಪ್ರಯತ್ನದಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ, ಮರೆತುಬಿಡಿ.

ಇನ್ನು ಮೈಕು. ಇಲ್ಲಿ ವ್ಯತ್ಯಾಸ ನಿಜವಾಗಿಯೂ ಇದೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಇಲ್ಲ. ನಾಯ್ಮನ್ ಯು 87 ಅನ್ನುವ ಜರ್ಮನ್ ಮೈಕು 1967ರದು. ದೊಡ್ಡ ದೊಡ್ಡ ಸ್ಟುಡಿಯೋಗಳ ಫೋಟೋದಲ್ಲಿ ಹಾಡುಗಾರರ ಮುಂದೆ ತಲೆಕೆಳಗಾಗಿ ನೇತಾಡುತ್ತಿರುತ್ತದಲ್ಲ, ಹೆಚ್ಚಾಗಿ ಅದೇ. ಇವತ್ತು ಮೂರು ಲಕ್ಷದ ಆಸುಪಾಸು. ಎದುರಿಗೆ ಯಾವ ಸದ್ದೂ ಇಲ್ಲದಾಗ ಮೈಕು ತಾನೇ ಮಾಡುವ ಸದ್ದಿಗೆ ಸೆಲ್ಫ್ ನಾಯ್ಸ್ ಅನ್ನುತ್ತಾರೆ. ಯು 87ರದು 12 ಡೆಸಿಬಲ್. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ ರೋಡ್ ಎನ್‌ಟಿ1ರದು 4 ಡೆಸಿಬಲ್. ನಿಶ್ಶಬ್ದವೇ ಬೇಕು ಅಂದರೆ ಆಸ್ಟ್ರೇಲಿಯಾದ ಈ ಅಗ್ಗದ ಮೈಕೇ ಮೇಲು.

ಹಾಗಾದರೆ ಆ ಮೂರು ಲಕ್ಷ ಎಲ್ಲಿ ಹೋಯಿತು? ಒಂದು ಸಣ್ಣ ಪ್ರಯೋಗದಲ್ಲಿ ತೋರಿಸುತ್ತೇನೆ. ಎಲ್ಲರೂ ಒಮ್ಮೆ ‘ಶರಣು ಶರಣಾರ್ಥಿ’ ಅನ್ನಿ. ಹಾಂ. ಈಗ ಇದೇ ಮಾತನ್ನು ನಾನು ಮೂರು ಸಾವಿರದ ಕಂಡೆನ್ಸರ್ ಮೈಕಿನಲ್ಲಿ (ಹೊರಗಿನಿಂದ ಕರೆಂಟು ಬೇಡುವ, ಸೂಕ್ಷ್ಮ ಜಾತಿಯದು) ಹಿಡಿದದ್ದು ಕೇಳಿ. ಆ ಎರಡು ‘ಶ’ಗಳು ಕಿವಿಗೆ ಸೂಜಿ ಚುಚ್ಚಿದ ಹಾಗೆ ಬಂದವಲ್ಲ? ಇದಕ್ಕೆ ಒಂದು ಕಾರಣ ಇದೆ. ಯು 87ರ ಒಳಗಿನ ಬಿಲ್ಲೆ, ಅಂದರೆ ಕ್ಯಾಪ್ಸೂಲು, ಮೇಲಿನ ಕಂಪನಗಳನ್ನು ಸಹಜಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅದನ್ನು ಮಾಡಿದವರಿಗೆ ಅದು ಗೊತ್ತಿತ್ತು. ಮೈಕಿನ ಸರ್ಕ್ಯೂಟಿನಲ್ಲೇ ಆ ಹೆಚ್ಚಳವನ್ನು ಇಳಿಸುವ ಏರ್ಪಾಡು ಮಾಡಿದರು. ಅಗ್ಗದ ಮೈಕು ಮಾಡುವ ಬಹಳಷ್ಟು ಕಾರ್ಖಾನೆಗಳು ಬಿಲ್ಲೆಯನ್ನು ನಕಲು ಮಾಡಿದವು, ಇಳಿಸುವ ಏರ್ಪಾಡನ್ನು ಬಿಟ್ಟವು. ಅದಕ್ಕೇ ಆ ಮೈಕುಗಳಲ್ಲಿ ಸ, ಶ, ಷ, ಚ ಎಲ್ಲ ಕಿರುಚುತ್ತವೆ. ಅಂಗಡಿಯಲ್ಲಿ ಮೊದಲ ಸಲ ಕೇಳಿದಾಗ ‘ಏನ್ ಕ್ಲಿಯರ್ ಐತಿ ನೋಡ್ರಿ’ ಅನ್ನಿಸುತ್ತದೆ. ಹತ್ತು ನಿಮಿಷ ಕೇಳಿದರೆ ತಲೆನೋವು. ವಚನ ಹಾಡುವವರಿಗೆ ಇದು ದೊಡ್ಡ ಬಾಧೆ. ಶಿವ, ಶರಣ, ಸಂಗಮ, ಬಸವ, ಚೆನ್ನ, ಯಾವುದನ್ನು ಬಿಡುತ್ತೀರಿ?

ಎರಡನೆಯದು, ಪಕ್ಕದಿಂದ ಬರುವ ಸದ್ದು. ಮೈಕಿನ ಮುಂದೆ ನೇರ ನಿಂತು ಹಾಡಿದರೆ ಅಗ್ಗದ್ದೂ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಭಜನೆಯಲ್ಲಿ ಒಂದೇ ಮೈಕಿನ ಸುತ್ತ ಐದಾರು ಜನ ಕೂತಾಗ ಪಕ್ಕದವರ ದನಿ ಮಂಕಾಗಿ, ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಒಳ್ಳೆಯ ಮೈಕು ಪಕ್ಕದ ದನಿಯನ್ನು ಸಣ್ಣದು ಮಾಡಿದರೂ ಅದರ ಬಣ್ಣ ಕೆಡಿಸುವುದಿಲ್ಲ. ಮೂರು ಲಕ್ಷದಲ್ಲಿ ದೊಡ್ಡ ಪಾಲು ಇದಕ್ಕೆ ಮತ್ತು ಇವತ್ತು ಕೊಂಡ ಮೈಕೂ ಹತ್ತು ವರ್ಷ ಬಿಟ್ಟು ಕೊಂಡ ಮೈಕೂ ಒಂದೇ ಥರ ಇರಬೇಕು ಅನ್ನುವುದಕ್ಕೆ.

ಆದರೂ ಮೈಕೆಲ್ ಜಾಕ್ಸನ್ ‘ಥ್ರಿಲ್ಲರ್’ ಆಲ್ಬಮ್ ಹಾಡಿದಾಗ, 1982ರಲ್ಲಿ, ಇಂಜಿನಿಯರ್ ಬ್ರೂಸ್ ಸ್ವೀಡಿಯನ್ ಅವನ ಮುಂದೆ ಇಟ್ಟದ್ದು ಶೂರ್ ಎಸ್‌ಎಂ7. ಡೈನಮಿಕ್ ಜಾತಿಯ, ಅಂದರೆ ಹೊರಗಿನ ಕರೆಂಟು ಬೇಡದ ಗಟ್ಟಿಮುಟ್ಟು ಮೈಕು, ಆಗಿನ ಸ್ಟುಡಿಯೋ ಲೆಕ್ಕದಲ್ಲಿ ಅಗ್ಗದ್ದೇ. ಆ ದನಿಗೆ ಅದು ಹೊಂದಿತು, ಇಟ್ಟರು. ಬೆಲೆಪಟ್ಟಿ ನೋಡಿ ಮೈಕು ಆರಿಸುವವರಿಗೂ ದನಿ ಕೇಳಿ ಆರಿಸುವವರಿಗೂ ಇರುವ ಫರಕು ಅದು.

ಈಗ ನಾನು ನಿಜವಾಗಿ ಹೇಳಬೇಕಾದ ಕಡೆಗೆ ಬರುತ್ತೇನೆ. ನಮ್ಮ ಊರಿನಲ್ಲಿ ಸ್ಟುಡಿಯೋ ಮಾಡಬೇಕು ಅಂತ ಹೊರಡುವವರು ಏನು ಮಾಡುತ್ತಾರೆ? ಮನೆಯ ಒಂದು ಕೋಣೆ ಖಾಲಿ ಮಾಡುತ್ತಾರೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಸಿಮೆಂಟಿನ ಗೋಡೆ, ಆರ್‌ಸಿಸಿ ಮಾಳಿಗೆ, ವಿಟ್ರಿಫೈಡ್ ಟೈಲ್ಸ್ ನೆಲ. ಸಾಲ ಮಾಡಿ ಮೈಕು ತರುತ್ತಾರೆ. ಹಾಡಿ ಕೇಳಿದರೆ ಪೊಗದಸ್ತಾಗಿ ಬಾವಿಯೊಳಗಿಂದ ಕೂಗಿದಂತೆ ಬರುತ್ತದೆ. ‘ಮೈಕ್ ಸರಿ ಇಲ್ಲ, ಇನ್ನೂ ದೊಡ್ಡದು ತರಬೇಕಿತ್ತು’ ಅನ್ನುತ್ತಾರೆ. ಅಲ್ರೀ, ದೊಡ್ಡ ಮೈಕು ತಂದರೆ ಆ ಬಾವಿಯನ್ನು ಇನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ!

ಲೆಕ್ಕ ಸರಳ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತು ಅಡಿ ಅಂದರೆ ಮೂರು ಮೀಟರ್ ಚಿಲ್ಲರೆ. ಎದುರುಬದುರು ಗೋಡೆಗಳ ನಡುವೆ ಹೋಗಿ ಬಂದು ಅಲ್ಲೇ ನಿಂತು ಮೊರೆಯುವ ಕಂಪನ ಸುಮಾರು 56 ಹರ್ಟ್ಸ್. ಅದರ ಎರಡರಷ್ಟು 112, ಮೂರರಷ್ಟು 168. ಗಂಡಸರ ಮಾತಿನ ಮೂಲ ಕಂಪನ ಇರುವುದೇ ಸುಮಾರು 85ರಿಂದ 180ರ ಒಳಗೆ. ಅಂದರೆ ನಿಮ್ಮ ದನಿಯ ಒಂದೆರಡು ಸ್ವರವನ್ನು ಮಾತ್ರ ಕೋಣೆ ಹಿಡಿದುಕೊಂಡು ಗುಂಯ್‌ಗುಡುತ್ತದೆ, ಉಳಿದವನ್ನು ಬಿಡುತ್ತದೆ. ಉದ್ದ ಅಗಲ ಎತ್ತರ ಮೂರೂ ಒಂದೇ ಆಗಿದ್ದರೆ ಮೂರು ದಿಕ್ಕಿನ ಗುಂಯ್‌ಗಳೂ ಒಂದರ ಮೇಲೊಂದು ಕೂರುತ್ತವೆ. ಚೌಕ ಕೋಣೆ ಸಿಕ್ಕಿದರೆ ಅದನ್ನು ಅಡುಗೆಮನೆ ಮಾಡಿ. ಉದ್ದ ಅಗಲ ಬೇರೆ ಬೇರೆ ಇರುವ ಕೋಣೆ ಹುಡುಕಿ, ನಡುಮಧ್ಯ ನಿಲ್ಲಬೇಡಿ, ಮೂಲೆಗೂ ಹೋಗಬೇಡಿ.

ಗೋಡೆಗೆ ಏನು ಹಾಕಬೇಕು? ಮೊಟ್ಟೆ ಟ್ರೇ ಅಂತ ಹೇಳಬೇಡಿ, ದಯವಿಟ್ಟು. ಆ ರಟ್ಟು ತೀರಾ ತೆಳು. ನೋಡುವವರಿಗೆ ಸ್ಟುಡಿಯೋ ಥರ ಕಾಣುತ್ತದೆ, ಸದ್ದಿಗೆ ಏನೂ ಆಗುವುದಿಲ್ಲ, ಮೇಲಿಂದ ಬೆಂಕಿಯ ಭಯ. ಥರ್ಮೋಕೋಲೂ ಅಷ್ಟೇ. ಒಂದಿಂಚಿನ ಕಪ್ಪು ಫೋಮು ಆನ್‌ಲೈನಿನಲ್ಲಿ ಸಿಗುತ್ತದಲ್ಲ, ಅದು ಮೇಲಿನ ಕಂಪನವನ್ನಷ್ಟೇ ನುಂಗಿ, ಗುಂಯ್ ಅನ್ನುವುದನ್ನು ಹಾಗೇ ಬಿಟ್ಟು, ದನಿಯನ್ನು ಮಂಕು ಮಾಡುತ್ತದೆ. ಬೇಕಾದದ್ದು ದಪ್ಪ, ಗಾಳಿಯಾಡುವ, ನಾರಿನಂಥ ವಸ್ತು. ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕೆ? ಹತ್ತಿ ಗಾದಿ! ಅಟ್ಟದ ಮೇಲೆ ಸುತ್ತಿಟ್ಟ ಅಜ್ಜಿಯ ಕಾಲದ ಹತ್ತಿ ಗಾದಿಗೆ ಸಮನಾದ ಸಾಮಾನು ಆ ಬೆಲೆಗೆ ಎಲ್ಲೂ ಸಿಗುವುದಿಲ್ಲ.

ಅದನ್ನು ನಿಲ್ಲಿಸುವುದರಲ್ಲೂ ಒಂದು ಗುಟ್ಟಿದೆ. ಒಂದು ಕಂಪನವನ್ನು ಚೆನ್ನಾಗಿ ನುಂಗಬೇಕಾದರೆ ಗೋಡೆಯಿಂದ ಗಾದಿಯ ಮುಖದವರೆಗಿನ ಅಂತರ ಆ ಅಲೆಯ ಉದ್ದದ ಕಾಲು ಭಾಗದಷ್ಟಿರಬೇಕು. ಹತ್ತು ಸೆಂಟಿಮೀಟರ್ ದಪ್ಪದ ಗಾದಿಯನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದರೆ ಸುಮಾರು 850 ಹರ್ಟ್ಸ್‌ನಿಂದ ಮೇಲಕ್ಕೆ ಒಳ್ಳೆಯ ಕೆಲಸ. ಅದೇ ಗಾದಿಯನ್ನು ಗೋಡೆಯಿಂದ ಇನ್ನೊಂದು ಹತ್ತು ಸೆಂಟಿಮೀಟರ್ ಈಚೆಗೆ ನಿಲ್ಲಿಸಿ. 430ರಿಂದಲೇ ಕೆಲಸ ಶುರು. ಒಂದು ಪೂರ್ತಿ ಸ್ಥಾಯಿ ಕೆಳಗೆ ಇಳಿದಿರಿ, ಪುಕ್ಕಟೆ. ಹಾಡುವವರ ಬೆನ್ನ ಹಿಂದೆ ಒಂದು, ಎಡಬಲಕ್ಕೆ ಒಂದೊಂದು, ತಲೆಯ ಮೇಲೆ ಕೌದಿ ಕಟ್ಟಿ. ಬೆನ್ನ ಹಿಂದೆ ಯಾಕೆ ಅಂದರೆ ಮೈಕು ನೋಡುತ್ತಿರುವುದು ಆ ಗೋಡೆಯನ್ನೇ. ಮೈಕಿನ ಹಿಂದೆ ಫೋಮಿನ ಗೂಡು ಕಟ್ಟುವವರು ಇದನ್ನು ಮರೆಯುತ್ತಾರೆ.

ಆಮೇಲೆ ಫ್ಯಾನು. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಆರಿಸಿ ಹಾಡಿ ಅಂದರೆ ಬೈಯುತ್ತೀರಿ, ಗೊತ್ತು. ಆದರೆ ಫ್ಯಾನ್ ಆರಿಸಿದ ರಾತ್ರಿಯ ಕೋಣೆಯಲ್ಲೇ 30 ಡೆಸಿಬಲ್ ಆಸುಪಾಸು ಸದ್ದಿರುತ್ತದೆ, ಫ್ಯಾನ್ ಹಾಕಿದರೆ 40 ದಾಟುತ್ತದೆ. ಆ ಗದ್ದಲದೊಳಗೆ ಮೈಕಿನ ಸ್ವಂತ ಸದ್ದು 12 ಇದ್ದರೇನು, 4 ಇದ್ದರೇನು? ಪಕ್ಕದ ಮನೆಯ ಕುಕ್ಕರ್ ಸೀಟಿ, ಬೋರಿನ ಮೋಟರು, ಬೀದಿಯ ಆಟೋ, ಇವುಗಳ ಮುಂದೆ ಮೂರು ಲಕ್ಷ ಮೂರು ಕಾಸು. ಬೆಳಗಿನ ಜಾವ ಹಾಡಿಸಿ.

ಇನ್ನೊಂದು ಬಿಟ್ಟಿ ಸೌಲಭ್ಯ, ದೂರ. ಬಾಯಿಗೂ ಮೈಕಿಗೂ ಎರಡು ಅಡಿ ಇದ್ದದ್ದನ್ನು ಒಂದು ಅಡಿಗೆ ತಂದರೆ ನಿಮ್ಮ ದನಿ 6 ಡೆಸಿಬಲ್ ಏರುತ್ತದೆ, ಅರ್ಧ ಅಡಿಗೆ ತಂದರೆ 12. ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ. ದೊಡ್ಡ ಮೈಕು ಕೊಂಡು ನಾಲ್ಕಾರು ಡೆಸಿಬಲ್ ಉಳಿಸಲು ಹೊರಟವರು, ಒಂದು ಹೆಜ್ಜೆ ಮುಂದಿಟ್ಟು 12 ಗಳಿಸಬಹುದು. ಹತ್ತಿರ ಬಂದರೆ ಪ, ಬ, ಭ ಅಕ್ಷರಗಳ ಗಾಳಿ ಮೈಕಿಗೆ ಗುದ್ದುತ್ತದೆ, ನಿಜ. ಕಸೂತಿ ಹಾಕುವ ದುಂಡನೆ ಚೌಕಟ್ಟಿಗೆ ತೆಳುವಾದ ಹಳೇ ಕಾಲುಚೀಲ ಬಿಗಿದು ನಡುವೆ ನಿಲ್ಲಿಸಿ. ಅಥವಾ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಒಂಚೂರು ಓರೆಗೆ ಇಡಿ.

ಒಂದು ಅಡ್ಡಮಾತು. ಕಂಪನಿ ನಾಟಕ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ಊರಿನದು. ವೇದಿಕೆಯ ಮುಂಭಾಗದಲ್ಲಿ ಮೇಲಿಂದ ಮೈಕು ಇಳಿಬಿಟ್ಟಿರುತ್ತಿದ್ದರು, ನೆನಪಿದೆಯಾ? ನುರಿತ ನಟರು ಮಾತಿನ ಮುಖ್ಯ ಸಾಲಿಗೆ ಸರಿಯಾಗಿ ನಡೆದು ಬಂದು ಆ ಮೈಕಿನ ಕೆಳಗೇ ನಿಲ್ಲುತ್ತಿದ್ದರು. ಗುಟ್ಟಿನ ಮಾತಾದರೆ ಇನ್ನೂ ಒಂದು ಹೆಜ್ಜೆ ಹತ್ತಿರ, ಆರ್ಭಟವಾದರೆ ಎರಡು ಹೆಜ್ಜೆ ಹಿಂದೆ. ನಾನು ಈಗ ಡೆಸಿಬಲ್ ಲೆಕ್ಕ ಹಾಕಿ ಹೇಳಿದ್ದನ್ನೇ ಅವರು ಕಾಲಿನಿಂದ ಮಾಡುತ್ತಿದ್ದರು. ಹಳಬರೊಬ್ಬರು ನನ್ನ ಸ್ಟುಡಿಯೋಕ್ಕೆ ಬಂದಾಗ ಮೈಕಿನ ಬೆಲೆ ಕೇಳಲಿಲ್ಲ. “ತಮ್ಮಾ, ಇದು ಯಾವ ಕಡೆಯಿಂದ ಕೇಳಿಸಿಕೊಳ್ತೈತಿ?” ಅಂದರು. ಆ ಪ್ರಶ್ನೆಯನ್ನು ಎಳೆಯ ಗಾಯಕರು ಕೇಳಿದ್ದನ್ನು ನಾನು ಇನ್ನೂ ಕೇಳಿಲ್ಲ.

ಅದಕ್ಕೂ ಹಿಂದೆ ಹೋದರೆ ಮೈಕೇ ಇರಲಿಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್, ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ ಅವರ ದನಿ ಮುದ್ರಿಸಿಕೊಂಡಾಗ ಮುಂದೆ ಇದ್ದದ್ದು ಒಂದು ದೊಡ್ಡ ಕೊಳವೆ. ವಿದ್ಯುತ್ತಿಲ್ಲ, ಆಂಪ್ಲಿಫೈಯರ್ ಇಲ್ಲ. ಹಾಡಿನ ಗಾಳಿಯ ಒತ್ತಡದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಆ ಕೊಳವೆ ಹಿಡಿಯುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಸ್ ಮಾತ್ರ, ಹಳೇ ಲ್ಯಾಂಡ್‌ಲೈನ್ ಫೋನಿಗಿಂತ ಕಡೆ. ಮೂರು ನಿಮಿಷದೊಳಗೆ ರಾಗ ಮುಗಿಸಿ, ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಆಕೆ ಕೊನೆಗಾಲದಲ್ಲಿ ನಮ್ಮ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದವರು, 1930ರಲ್ಲಿ ಅಲ್ಲೇ ತೀರಿಕೊಂಡರು. ಆ ಗರಗರ ಸದ್ದಿನ ನಡುವೆಯೂ ತಾನ್‌ಗಳ, ಅಂದರೆ ವೇಗದ ಸ್ವರಸರಣಿಗಳ, ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ.

ಹಾಗಂತ ಎಷ್ಟು ಅಗ್ಗದ್ದಾದರೂ ನಡೆಯುತ್ತದೆ ಅಂತ ಹೊರಟುಬಿಡಬೇಡಿ. ಕೆಳಗೆ ಒಂದು ಗೆರೆ ಇದೆ. ಅದರ ಕೆಳಗೆ ಹೋದರೆ ದುಡ್ಡೂ ಹೋಯಿತು, ದನಿಯೂ ಹೋಯಿತು. ಎಂಟುನೂರು ರೂಪಾಯಿಯ ಕಂಡೆನ್ಸರ್ ಮೈಕು ತಂದು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಚುಚ್ಚುತ್ತಾರೆ. ಆ ಜಾತಿಯ ಮೈಕಿಗೆ 48 ವೋಲ್ಟ್ ಬೇಕು, ಲ್ಯಾಪ್‌ಟಾಪು ಕೊಡುವುದು ಎರಡು ಮೂರು ವೋಲ್ಟು. ದನಿ ಬರುವುದಕ್ಕಿಂತ ಸುಯ್ ಬರುವುದೇ ಹೆಚ್ಚು. ಶೂರ್ ಎಸ್‌ಎಂ58 ಗೊತ್ತಲ್ಲ, 1966ರಿಂದ ಬರುತ್ತಿರುವ ಚೆಂಡಿನ ತಲೆಯ ಮೈಕು, ಎಲ್ಲಾ ಆರ್ಕೆಸ್ಟ್ರಾದವರ ಕೈಯಲ್ಲೂ ಇರುತ್ತದೆ. ಅದು ಹದಿನೈದು ನೂರಕ್ಕೆ ಸಿಕ್ಕಿತು ಅಂತ ಖುಷಿಪಡುವವರಿದ್ದಾರೆ. ಹೆಸರು ಅದೇ, ಒಳಗಿರುವುದು ಬೇರೆ. ಅಸಲಿಗೆ ಒಂಬತ್ತು ಹತ್ತು ಸಾವಿರ ಆಗುತ್ತದೆ. ಕೆಳಗೆ ಬಿದ್ದರೂ ಅಸಲಿ ಬದುಕುತ್ತದೆ, ನಕಲಿ ಎರಡನೇ ಜಾತ್ರೆ ಕಾಣುವುದಿಲ್ಲ.

ಮೊಬೈಲಿನದು ಬೇರೆ ಕಥೆ. ಫೋನಿನ ಮೈಕು ಕೆಟ್ಟದ್ದಲ್ಲ. ಕೆಡಿಸುವುದು ಹಿಂದೆ ಕೂತ ಸಾಫ್ಟ್‌ವೇರ್. ಮಾತನ್ನು ಉಳಿಸಿ ಗದ್ದಲ ಅಳಿಸಬೇಕು ಅಂತ ಅದಕ್ಕೆ ಹೇಳಿಕೊಟ್ಟಿದ್ದಾರೆ. ಒಂದೇ ಸಮನೆ ಬರುವ ಸದ್ದೆಲ್ಲ ಅದರ ಪಾಲಿಗೆ ಫ್ಯಾನು, ಮೋಟರು. ತತ್ವಪದ ಹಾಡುವವರ ಏಕತಾರಿಯನ್ನೂ ಅದು ಹಾಗೆಯೇ ತಿಳಿಯುತ್ತದೆ. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಶ್ರುತಿ ಮೆಲ್ಲಗೆ ಮಾಯ! ಕರೆ ಮತ್ತು ವಾಯ್ಸ್ ಮೆಸೇಜಿಗೆ ಮಾಡಿದ ಆ್ಯಪು ಬಿಟ್ಟು, ಈ ಶುದ್ಧೀಕರಣವನ್ನು ಆಫ್ ಮಾಡಲು ಬಿಡುವ, ದನಿಯನ್ನು ಕುಗ್ಗಿಸದೆ ಉಳಿಸುವ ವೇವ್ ಫೈಲ್ ಕೊಡುವ ರೆಕಾರ್ಡಿಂಗ್ ಆ್ಯಪು ಹಾಕಿಕೊಳ್ಳಿ. ಅಷ್ಟರಿಂದಲೇ ಅರ್ಧ ಕೊರತೆ ನೀಗುತ್ತದೆ. ಡೊಳ್ಳು, ಸಮಾಳದ ಎದುರು ಮಾತ್ರ ಫೋನ್ ಹಿಡಿಯಬೇಡಿ, ದನಿ ಒಡೆದುಹೋಗುತ್ತದೆ. ಅಲ್ಲಿಗೆ ಲಕ್ಷದ ಕಂಡೆನ್ಸರೂ ಬೇಡ. ಏಟು ತಾಳುವ ಎಸ್‌ಎಂ57ನಂಥ ಡೈನಮಿಕ್ ಸಾಕು. ಚಿತ್ರದುರ್ಗದ ಕಡೆ ಗಾಳಿಯಂತ್ರ ನಿಲ್ಲಿಸಿದ ಗುಡ್ಡಗಳ ಕೆಳಗೆ ಕೂತು ಹಾಡಿಸುವವರು ಮೈಕಿಗೆ ತುಪ್ಪಳದ ಟೋಪಿ ಹಾಕಿ. ಆ ಗಾಳಿಯಲ್ಲಿ ನಾಲ್ಕುನೂರು ರೂಪಾಯಿಯ ಟೋಪಿ ಮಾಡುವ ಕೆಲಸವನ್ನು ಟೋಪಿ ಇಲ್ಲದ ಯಾವ ಮೈಕೂ ಮಾಡದು.

ರೆಕಾರ್ಡಿಂಗಿನಲ್ಲಿ ಗೊಂಯ್ ಅಂತ ಒಂದೇ ಸಮ ಕೇಳಿದರೆ ಮೈಕನ್ನು ಬೈಯುವ ಮುಂಚೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ನಮ್ಮ ಮನೆಗಳ ಅರ್ಥಿಂಗ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಹಾಗಾದರೆ ದುಬಾರಿಯದನ್ನು ಕೊಳ್ಳಬೇಕಾದವರು ಯಾರು? ದಿನಾ ಬೇರೆ ಬೇರೆ ದನಿ ಹಿಡಿಯಬೇಕಾದವರು, ಒಂದು ಹಾಡಿಗೆ ಆರು ಜನ ವಾದ್ಯದವರನ್ನು ಕರೆದು ಗಂಟೆಗಿಷ್ಟು ಅಂತ ಕೊಡುವವರು. ನಡುವೆ ಮೈಕು ಕೈಕೊಟ್ಟರೆ ಅವರಿಗಾಗುವ ನಷ್ಟದ ಮುಂದೆ ಮೈಕಿನ ಬೆಲೆ ಸಣ್ಣದು. ಯು 87 ಇದೆ ಅಂದರೆ ಬೆಂಗಳೂರಿನ ಸಂಗೀತ ನಿರ್ದೇಶಕರು ಮರುಮಾತಿಲ್ಲದೆ ಕೆಲಸ ಕಳಿಸುತ್ತಾರೆ. ಮಾರಿದರೆ ಒಳ್ಳೆಯ ಬೆಲೆಯೂ ಬರುತ್ತದೆ. ಇನ್ನೊಂದನ್ನೂ ಕಂಡಿದ್ದೇನೆ: ದೊಡ್ಡ ಮೈಕು ಮುಂದೆ ನಿಲ್ಲಿಸಿದರೆ ಕೆಲವರು ಬೆನ್ನು ನೆಟ್ಟಗೆ ಮಾಡಿ, ಜೋಪಾನವಾಗಿ, ಚೆನ್ನಾಗಿ ಹಾಡುತ್ತಾರೆ. ಹಳ್ಳಿಯ ಅಜ್ಜಿಯರು ಅದೇ ಮೈಕು ನೋಡಿ ಬಾಯಿ ಕಟ್ಟಿ ಕೂರುತ್ತಾರೆ. ಅವರ ಮುಂದೆ ಸೆರಗಿಗೆ ಸಿಕ್ಕಿಸುವ ಸಾವಿರ ರೂಪಾಯಿಯ ಕಾಲರ್ ಮೈಕೇ ಗೆಲ್ಲುತ್ತದೆ. ಐದು ನಿಮಿಷದಲ್ಲಿ ಅದಿದೆ ಅನ್ನುವುದೇ ಮರೆತುಹೋಗಿರುತ್ತದೆ.

“ನನ್ನ ಹತ್ರ ಇಪ್ಪತ್ತೈದು ಸಾವಿರ ಐತಿ ಸರ್, ಏನ್ ತಗೊಳ್ಳಲಿ?” ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಹತ್ತು ಹನ್ನೆರಡು ಸಾವಿರದ ಇಂಟರ್‌ಫೇಸ್, ಅಸಲಿ ಎಸ್‌ಎಂ58 ಒಂದು, ಗಟ್ಟಿ ಸ್ಟ್ಯಾಂಡು, ಒಳ್ಳೆಯ ಕೇಬಲ್ಲು. ಉಳಿದ ದುಡ್ಡಿನಲ್ಲಿ ಹಳೇ ಗಾದಿಗಳಿಗೆ ಹೊಸ ಅರಳೆ ತುಂಬಿಸಿ. ಆ 58 ಸುತ್ತಲಿನ ಗದ್ದಲವನ್ನು ಕಡಿಮೆ ಹಿಡಿಯುತ್ತದೆ, ‘ಶ’ಗಳನ್ನು ಚುಚ್ಚುವುದಿಲ್ಲ, ನಮ್ಮಂಥ ಮನೆಗಳಿಗೆ ಅದೇ ಸರಿ. ಕೋಣೆ ಸರಿಯಾದ ಮೇಲೆ, ಇನ್ನೂ ಏನೋ ಸಾಲದು ಅಂತ ನಿಮ್ಮ ಕಿವಿಯೇ ಹೇಳಿದರೆ ಆಗ ಕಂಡೆನ್ಸರಿಗೆ ಹೋಗಿ.

ಊರೂರಿಗೆ ಹೋಗಿ ಹಾಡು ಹಿಡಿಯುವವರಿಗೆ ನನ್ನ ಲೆಕ್ಕ ಬೇರೆ. ನಮ್ಮ ಪಕ್ಕದ ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಸಾವಿರಾರು ಪದ ಬಾಯಲ್ಲಿದ್ದವು. ಕೃಷ್ಣಮೂರ್ತಿ ಹನೂರರು ಕೂತು ಸಂಗ್ರಹಿಸಿದ್ದರಿಂದ ಅವು ನಮಗೆ ಸಿಕ್ಕವು. ಅಂಥವರು ಹಾಡುವುದು ಸ್ಟುಡಿಯೋದಲ್ಲಲ್ಲ, ಜಗಲಿಯ ಮೇಲೆ. ನೀವು ಕೈಯಲ್ಲಿ ಹಿಡಿಯುವ ಪುಟ್ಟ ರೆಕಾರ್ಡರ್ ಕೊಳ್ಳಿ. ಈಗ 32 ಬಿಟ್ ಫ್ಲೋಟ್ ಅನ್ನುವುದು ಅಗ್ಗದವುಗಳಲ್ಲೂ ಬಂದಿದೆ. ಮಟ್ಟ ಹೊಂದಿಸುವ ಗೊಡವೆಯೇ ಇಲ್ಲ, ಪಿಸುಗುಟ್ಟಿದ್ದನ್ನೂ ಕೂಗಿದ್ದನ್ನೂ ಆಮೇಲೆ ಸರಿಮಾಡಿಕೊಳ್ಳಬಹುದು. ಅಜ್ಜಿಯ ಎದುರು ಒಂದೂವರೆ ಅಡಿ ದೂರದಲ್ಲಿ, ಮಡಚಿದ ಟವೆಲ್ ಮೇಲೆ ಇಡಿ. ಹಾಡು ಮುಗಿದ ಮೇಲೂ ಆರಿಸಬೇಡಿ, ಆ ಪದ ಎಲ್ಲಿ ಕಲಿತೆ ಅನ್ನುವುದನ್ನು ಅವರು ಹೇಳುವುದು ಆಗಲೇ. ಮನೆಗೆ ಬಂದ ರಾತ್ರಿಯೇ ಎರಡು ಬೇರೆ ಬೇರೆ ಡಿಸ್ಕಿಗೆ ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಫೈಲಿನ ಹೆಸರಿನಲ್ಲಿ ಹಾಡಿದವರು, ಊರು, ತಾರೀಖು ಇರಲಿ. ‘ನ್ಯೂ ರೆಕಾರ್ಡಿಂಗ್ 14’ ಅಂತ ಹೆಸರಿಟ್ಟುಕೊಂಡು ನನ್ನ ಹತ್ತಿರ ತಂದು, ಇದು ಯಾರು ಹಾಡಿದ್ದು ಸರ್ ಅಂತ ನನ್ನನ್ನೇ ಕೇಳಬೇಡಿ.